ಟಾಬಿತಾ ಹಾರ್ಕರ್ ಆಣೆ ಇಟ್ಟಿದ್ದು

ಮಕ್ಕಳೇ, ಪ್ರತಿ ಚಳಿಗಾಲ ನಿಮ್ಮನ್ನು ಒಲೆಯ ಸುತ್ತ ಕೂರಿಸಿ ನಮ್ಮ ಕ್ವೇಕರ್ ಹಿರಿಯರ ಜೀವನ ಓದಿ ಹೇಳುತ್ತಾರೆ. ಸೆರೆಮನೆಯ ನೆಲಮಾಳಿಗೆಯಲ್ಲಿ ಕೊಳೆತರೂ ಆಣೆ ಇಡದವರು, ಜಡ್ಜನ ಎದುರು ಟೋಪಿ ತೆಗೆಯದೆ ಛಡಿಯೇಟು ತಿಂದವರು, ಹಡಗು ಹತ್ತಿ ಕಾಣದ ದೇಶಕ್ಕೆ ಹೋಗಿ ಸಭಾಮನೆ ಕಟ್ಟಿದವರು. ದೊಡ್ಡವರೇ ಅವರು, ಇಲ್ಲವೆನ್ನುವುದಿಲ್ಲ. ಆದರೆ ಆ ಕಥೆಗಳಲ್ಲೆಲ್ಲ ಕೊನೆಗೆ ಒಂದು ಬಾಗಿಲು ತೆರೆದೇ ತೆರೆಯುತ್ತದೆ, ಕೇಳಿದವರು ಹಗುರಾಗಿ ಹೋಗಿ ಮಲಗುತ್ತಾರೆ. ನನ್ನ ಸೋದರತ್ತೆ ಟಾಬಿತಾ ಹಾರ್ಕರಳ ಕಥೆಯನ್ನು ಯಾರೂ ಓದುವುದಿಲ್ಲ, ಯಾಕೆಂದರೆ ಯಾರೂ ಬರೆದಿಲ್ಲ. ನಾನು ಹೇಳುತ್ತೇನೆ. ಅರ್ಧದಲ್ಲಿ ಎದ್ದು ಹೋಗುವವರಿದ್ದರೆ ಈಗಲೇ ಹೋಗಿ. ಹೋಗುವಾಗ ಚಿಲಕ ಹಾಕಿಕೊಳ್ಳಿ, ಗಾಳಿ ನುಗ್ಗುತ್ತದೆ.

ಅತ್ತೆಯ ಮನೆ ಗಾರ್ಸ್‌ಬೆಕ್ ಕಣಿವೆಯ ಮೇಲ್ತುದಿಯಲ್ಲಿತ್ತು. ಗಂಡ ಸೀಸದ ಗಣಿಯ ಧೂಳು ಕುಡಿದು ಚಿಕ್ಕ ವಯಸ್ಸಿನಲ್ಲೇ ಸತ್ತಿದ್ದ. ಮಕ್ಕಳಿರಲಿಲ್ಲ. ಎರಡು ಹಸು, ಬೆಟ್ಟದ ಮೇಲೆ ಒಂದಿಷ್ಟು ಕುರಿ, ಮತ್ತೆ ನಾನು. ನನ್ನ ಅಪ್ಪ ಅಮ್ಮ ಒಂದೇ ಜ್ವರದಲ್ಲಿ ಹೋದ ಮೇಲೆ ಅವಳೇ ನನ್ನನ್ನು ಸಾಕಿದಳು. ಎತ್ತರದ ಹೆಂಗಸು, ಬೂದು ಬಣ್ಣದ ಬಟ್ಟೆ, ಕೈಯಲ್ಲಿ ಸದಾ ಕಾಲುಚೀಲದ ಹೆಣಿಗೆ. ಹಾಲು ಹೊತ್ತು ನಡೆಯುವಾಗಲೂ ಹೆಣೆಯುತ್ತಿದ್ದಳು, ಜಗಳವಾಡುವಾಗಲೂ ಹೆಣೆಯುತ್ತಿದ್ದಳು. ಮೊದಲನೇ ದಿನ, ಅಂದರೆ ಭಾನುವಾರ, ಸಭಾಮನೆಯ ಮೌನದಲ್ಲಿ ಕೂತಾಗ ಮಾತ್ರ ಆ ಕೈಗಳು ಮಡಿಲಲ್ಲಿ ಸುಮ್ಮನಿರುತ್ತಿದ್ದವು.

ಸುಳ್ಳು ಅನ್ನುವುದು ಅವಳ ಬಾಯಿಗೆ ಬರುತ್ತಲೇ ಇರಲಿಲ್ಲ. ಅದರಿಂದ ನಾವು ಪಟ್ಟ ಪಾಡು ನಮಗೇ ಗೊತ್ತು. ವ್ಯಾಪಾರಿ ಕಾಲುಚೀಲ ಕೊಳ್ಳಲು ಬಂದರೆ ಎಲ್ಲಿ ಎಳೆ ತಪ್ಪಿದೆ ಅನ್ನುವುದನ್ನು ಮೊದಲು ತೋರಿಸಿ ಆಮೇಲೆ ಬೆಲೆ ಹೇಳುವಳು. ಹೊಸ ಮದುವಣಗಿತ್ತಿಯೊಬ್ಬಳು ಓಟ್ಸ್ ರೊಟ್ಟಿ ಮಾಡಿ ತಂದು, "ಹೆಂಗಿದೆ ಟಾಬಿತಾ?" ಅಂತ ಆಸೆಯಿಂದ ಕೇಳಿದಾಗ ಅತ್ತೆ ಅಗಿದು ಅಗಿದು, "ಗೆಳತಿ, ಮನೆ ಸೂರಿಗೆ ಒಂದು ಚಪ್ಪಡಿ ಕಮ್ಮಿ ಬಿದ್ದಿತ್ತು, ಇದು ಸರಿಹೋಗುತ್ತೆ" ಅಂದಳು. ಆ ಹುಡುಗಿ ಅಳುತ್ತಾ ಹೋದಳು. ಅತ್ತೆಗೆ ತಾನೇನು ತಪ್ಪು ಮಾಡಿದೆ ಅನ್ನುವುದೇ ತಿಳಿಯಲಿಲ್ಲ.

ಪಕ್ಕದ ಹೊಲದ ಮಾರ್ಜರಿ ಆಲ್ಡರ್ಸನ್ ನಮ್ಮವಳಲ್ಲ. ಗೋಪುರದ ಮನೆಗೆ, ಅಂದರೆ ಪಾದ್ರಿಯ ಚರ್ಚಿಗೆ, ಹೋಗುವವಳು. ಅವಳೂ ವಿಧವೆ. ಅವಳ ನಾಲಗೆಗೆ ಎಲುಬಿರಲಿಲ್ಲ. ಇಬ್ಬರೂ ಸಂಜೆಯಾದರೆ ಒಂದೇ ಒಲೆಯ ಮುಂದೆ.

"ಅಲ್ವೇ ಟಾಬಿ, ನಿಮ್ಮ ದೇವ್ರೇನು ಮೂಗನಾ?" ಅನ್ನುತ್ತಿದ್ದಳು ಮಾರ್ಜರಿ. "ಒಂದು ಹಾಡಿಲ್ಲ, ಗಂಟೆಯಿಲ್ಲ. ಹಸು ಮೆಲುಕು ಹಾಕ್ದಂಗೆ ಎಲ್ರೂ ಸುಮ್ನೆ ಕೂತಿರ್ತೀರಲ್ಲ, ನಿದ್ದೆ ಬರಲ್ವಾ?"

"ಬರುತ್ತೆ" ಅನ್ನುತ್ತಿದ್ದಳು ಅತ್ತೆ. "ನಿಮ್ಮ ಪಾದ್ರಿ ಮಾತಾಡುವಾಗ ನಿಂಗೆ ಬರುತ್ತಲ್ಲ, ಅಷ್ಟು ಗಾಢವಾಗಿ ಬರಲ್ಲ ಅಷ್ಟೆ."

ಮಾರ್ಜರಿಯ ಒಬ್ಬನೇ ಮಗ ಕಿಟ್. ಇಪ್ಪತ್ತನಾಲ್ಕು ವಯಸ್ಸು, ಕೂಲಿ ಕುರುಬ, ಕೆಂಚು ಕೂದಲು, ಬಾಯಿ ತುಂಬ ನಗು. ಅಮ್ಮನ ಹಾಗೇ ಮಾತು. ನನ್ನ ಅತ್ತೆಯನ್ನು ಟಾಬಿ ಅತ್ತೆ ಅಂತಲೇ ಕರೆಯುತ್ತಿದ್ದ. ಅವಳ ಮನೆಗೆ ಉರುವಲಿನ ಪೀಟ್ ಮಣ್ಣು ಕಡಿದು ತರುವವನು ಅವನೇ, ಕುರಿ ಉಣ್ಣೆ ಕತ್ತರಿಸುವವನು ಅವನೇ. ಅವನ ಮೇಲೆ ಅವಳಿಗೆ ಜೀವ. ಹೇಳುತ್ತಿರಲಿಲ್ಲ. ಅವನು ಬಂದ ದಿನ ರೊಟ್ಟಿಗೆ ಬೆಣ್ಣೆ ದಪ್ಪಗೆ ಬೀಳುತ್ತಿತ್ತು.

ಆ ವರ್ಷ ಹತ್ತನೇ ತಿಂಗಳಲ್ಲಿ ಕುರಿ ಸಂತೆ ನಡೆದ ದಿನ. ಕಣಿವೆಯವರೆಲ್ಲ ಸಂತೆಗೆ ಹೋಗಿದ್ದರು. ಕಾಲುಚೀಲ ಮಾರಲು ನಾನೂ ಹೋಗಿದ್ದೆ. ಅತ್ತೆಯ ಹಸುವಿಗೆ ಬೆಳಿಗ್ಗೆಯೇ ಹೆರಿಗೆ ನೋವು ಬಂತು, ಕರು ಅಡ್ಡ ತಿರುಗಿತ್ತು. ಕಿಟ್ ಓಡಿ ಬಂದ. ಮಧ್ಯಾಹ್ನಕ್ಕೆ ಮೊದಲು ಕೊಟ್ಟಿಗೆ ಹೊಕ್ಕವನು ಹೊರಬಂದದ್ದು ಹೊತ್ತು ಮುಳುಗಿದ ಮೇಲೆ. ನಡುವೆ ಸ್ಕಾಟ್ಲೆಂಡಿನ ಬಟ್ಟೆ ಮಾರುವವನೊಬ್ಬ ಮೂಟೆ ಹೊತ್ತು ಬಾಗಿಲಿಗೆ ಬಂದ. ಅವನ ಮೂಟೆ ಇಳಿಸಿ, ಅವನ ಕೈಗೂ ಹಗ್ಗ ಕೊಟ್ಟು, ಮೂವರೂ ಸೇರಿ ಕರು ಎಳೆದರು. ಬಾಯಿ ತೆರೆದರೆ ಬೈಗುಳ ಆ ಆಸಾಮಿಗೆ. ಪ್ರತಿ ಎಳೆತಕ್ಕೂ ದೇವರ ಹೆಸರಿನಲ್ಲಿ ಒಂದು ಆಣೆ. ಅತ್ತೆ ಅವನಿಗೆ ಮಜ್ಜಿಗೆ ಕೊಟ್ಟು, "ಗೆಳೆಯಾ, ನಿನ್ನ ಕೈ ಒಳ್ಳೇದು, ಬಾಯಿ ತೊಳ್ಕೊ" ಅಂದು ಕಳಿಸಿದಳಂತೆ. ಕರು ಬದುಕಿತು.

ಅದೇ ಮಧ್ಯಾಹ್ನ ಕೆಳಕಣಿವೆಯ ದೊಡ್ಡ ರೈತನೊಬ್ಬನ ಕುರಿಗಳು ಬೆಟ್ಟದಿಂದ ಕಾಣೆಯಾದವು. ವಾರದೊಳಗೆ ಅವು ಡ್ಯಾನ್ ಸ್ಕೆಲ್ಟನ್ ಎಂಬ ದನದ ದಲ್ಲಾಳಿಯ ಮಂದೆಯಲ್ಲಿ ಸಿಕ್ಕಿದವು. ಅವನು ಬಲು ಪಾಕಡ. ತನ್ನ ಕುತ್ತಿಗೆಗೆ ಹಗ್ಗ ಬರುತ್ತದೆ ಅನ್ನುವುದು ತಿಳಿಯುತ್ತಲೇ, "ನಂಗೇನ್ ಗೊತ್ತು ಬುದ್ಧಿ, ಸಂತೆ ದಿನ ಮಧ್ಯಾಹ್ನ ಸೇತುವೆ ಹತ್ರ ಕಿಟ್ ಆಲ್ಡರ್ಸನ್ ನಂಗೆ ಮಾರ್ದ" ಅಂದ. ಆ ರೈತನಿಗೂ ಕಿಟ್‌ಗೂ ಹಿಂದಿನ ಬೇಸಿಗೆಯಲ್ಲಿ ನಾಯಿಯ ವಿಷಯಕ್ಕೆ ಜಗಳವಾಗಿತ್ತು. ಅಷ್ಟು ಸಾಕಾಯಿತು. ಕಿಟ್‌ನನ್ನು ಕೈ ಕಟ್ಟಿ ಕರೆದೊಯ್ದರು. ಕುರಿ ಕದ್ದರೆ ಆಗ ನೇಣು. ದೊರೆ ಮೂರನೇ ಜಾರ್ಜನ ರಾಜ್ಯದಲ್ಲಿ ಮನುಷ್ಯನಿಗಿಂತ ಕುರಿಗೇ ಮರ್ಯಾದೆ ಹೆಚ್ಚು.

ಅತ್ತೆ ಅಂದೇ ಸಂಜೆ ಊರ ನ್ಯಾಯಾಧಿಕಾರಿಯ ಮನೆಗೆ ಹೋದಳು. ಅವನು ನಗುಮುಖದ ದಪ್ಪ ಮನುಷ್ಯ, ನಮ್ಮವರನ್ನು ಬಲ್ಲವನು.

"ಕಿಟ್ ನನ್ನ ಕೊಟ್ಟಿಗೇಲಿದ್ದ. ನಾನು ನೋಡಿದ್ದೀನಿ. ಬಿಟ್ಟುಬಿಡು ಅವನ್ನ" ಅಂದಳು ಅತ್ತೆ. ಅವಳ ಬಾಯಲ್ಲಿ ಆಳೂ 'ನೀನು', ಅರಸನೂ 'ನೀನು', 'ನೀವು' ಅನ್ನುವುದೇ ಇಲ್ಲ.

"ಟಾಬಿತಾ, ನಂಗೆ ನಿನ್ನ ಮಾತು ಸಾಕು" ಅಂದ ಅವನು. "ಆದ್ರೆ ಕುರಿ ಕಳ್ಳತನ ನನ್ನ ಕೈಲಿಲ್ಲ. ವಸಂತಕ್ಕೆ ದೊಡ್ಡ ಕೋರ್ಟು ಕೂರುತ್ತಲ್ಲ, ಅಲ್ಲಿ ಬಂದು ಇದನ್ನೇ ಹೇಳು."

ಈ ಮಾತು ಅತ್ತೆಯ ಕಿವಿಗೆ ಜೇನು ಸುರಿದ ಹಾಗಾಯಿತು. ಅವಳಿಗೆ ಧೈರ್ಯ ಬರಲು ಇನ್ನೊಂದು ಕಾರಣವೂ ಇತ್ತು. ಕೆಲವು ವರ್ಷಗಳ ಹಿಂದೆ ಬೇಲಿಯ ವ್ಯಾಜ್ಯವೊಂದರಲ್ಲಿ ಅವಳು ಸಾಕ್ಷಿ ಹೇಳಿದ್ದಳು. ಅಲ್ಲಿ ಯಾರೂ ಬೈಬಲ್ ಮುಟ್ಟು ಅನ್ನಲಿಲ್ಲ. ನಮ್ಮವರು ಆಣೆ ಇಡುವುದಿಲ್ಲ, 'ಆಣೆ ಇಡಲೇಬೇಡಿ, ನಿಮ್ಮ ಹೌದು ಹೌದಾಗಿರಲಿ' ಅಂತ ಕ್ರಿಸ್ತನೇ ಹೇಳಿದ್ದಾನೆ. ಆಣೆ ಇಟ್ಟರೆ, ಮಿಕ್ಕ ದಿನ ಹೇಳಿದ್ದೆಲ್ಲ ಸುಳ್ಳು ಅಂತ ಒಪ್ಪಿಕೊಂಡಂತೆ. ಅದಕ್ಕಾಗಿ ಅಜ್ಜಂದಿರು ಜೈಲಿನಲ್ಲಿ ಸತ್ತು ಸತ್ತು, ಕೊನೆಗೆ ಸರ್ಕಾರವೇ ಸೋತು, ಕ್ವೇಕರರು ಬರೀ ಗಂಭೀರವಾಗಿ ಮಾತು ಕೊಟ್ಟರೆ ಸಾಕು ಅಂತ ಕಾನೂನು ಮಾಡಿತ್ತು. ನಮ್ಮ ಕಣಿವೆಯಲ್ಲಿ ಈ ಕಾನೂನು ಗೊತ್ತಿಲ್ಲದ ಮಗುವಿರಲಿಲ್ಲ. ಹೆಮ್ಮೆಯೋ ಹೆಮ್ಮೆ.

ಆ ಕಾನೂನಿಗೆ ಒಂದು ಬಾಲವಿತ್ತು. ಜಮೀನು, ಬೇಲಿ, ದುಡ್ಡಿನ ವ್ಯಾಜ್ಯಕ್ಕೆ ಮಾತ್ರ ಆ ರಿಯಾಯಿತಿ. ಕೊಲೆ, ಕಳ್ಳತನದ ವಿಚಾರಣೆಯಲ್ಲಿ ಕ್ವೇಕರನೂ ಆಣೆ ಇಡಲೇಬೇಕು, ಇಲ್ಲವಾದರೆ ಅವನ ಸಾಕ್ಷಿ ಸಾಕ್ಷಿಯೇ ಅಲ್ಲ. ಇದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಹೇಗೆ ಗೊತ್ತಿರಬೇಕು? ನಮ್ಮವರು ಯಾರೂ ಕಳ್ಳತನದ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ. ಕಳ್ಳರೂ ಅಲ್ಲ, ಕಳ್ಳರ ನೆಂಟರೂ ಅಲ್ಲ ಅಂತ ಬೀಗುತ್ತಿದ್ದೆವಲ್ಲ, ಆ ಬೀಗುವಿಕೆಗೆ ಬೆಂಕಿ ಬೀಳಲಿ.

ಮಾರ್ಜರಿ ಮಾತ್ರ ಸುಮ್ಮನೆ ಕೂರಲಿಲ್ಲ. ಹೆತ್ತ ಕರುಳು.

"ಟಾಬಿ, ಆ ಬಟ್ಟೆ ಮಾರೋನ್ನ ಹುಡುಕ್ಕೊಂಡು ಹೋಗ್ತೀನಿ" ಅಂದಳು ಒಂದು ಬೆಳಿಗ್ಗೆ, ಶಾಲು ಬಿಗಿದುಕೊಂಡೇ ಬಂದು. "ಇನ್ನೂ ಗಡಿ ದಾಟಿರಲ್ಲ. ಊರೂರಲ್ಲಿ ಮೂಟೆ ಬಿಚ್ಚೋನು, ಕೇಳ್ತಾ ಹೋದ್ರೆ ಸಿಗ್ತಾನೆ. ಒಬ್ರಿಗಿಂತ ಇಬ್ರು ಹೇಳಿದ್ರೆ ಗಟ್ಟಿ ಅಲ್ವಾ?"

ಅತ್ತೆ ಹೆಣಿಗೆಯಿಂದ ತಲೆಯೆತ್ತಿದಳು. "ಹಿಮ ಬೀಳೋ ಹಾಗಿದೆ. ಬೆಟ್ಟದ ದಾರೀಲಿ ಸತ್ತೋಗ್ತೀಯಾ ಮಾರ್ಜರಿ. ಯಾಕೆ ಬೇಕು? ನಾನಿದ್ದೀನಲ್ಲ."

"ನೀನಿದ್ದೀಯ ಸರಿ..."

"ನಾನು ನೋಡಿದ್ದು ನಿಜ. ಅದನ್ನ ಅವನೊಬ್ಬ ಬಂದು ಹೇಳಿದ್ರೆ ಇನ್ನಷ್ಟು ನಿಜ ಆಗುತ್ತಾ? ಬಾಯಿ ಬಿಟ್ರೆ ಆಣೆ ಇಡೋನು, ಅವನ ಸಾಕ್ಷಿ ತಗೊಂಡು ಏನ್ ಮಾಡ್ತೀಯಾ? ಅವನ್ನ ನೋಡಿದ್ರೆ ನನ್ನ ಮಾತನ್ನೂ ಅನುಮಾನಿಸ್ತಾರೆ."

ಮಾರ್ಜರಿ ಬಾಗಿಲು ತೆರೆದು ಬೆಟ್ಟದ ದಾರಿ ನೋಡಿದಳು. ಆಮೇಲೆ ಶಾಲು ಬಿಚ್ಚಿದಳು. ಟಾಬಿತಾ ಹಾರ್ಕರ್ ಹೇಳಿದ್ದು ಅದುವರೆಗೆ ಒಮ್ಮೆಯೂ ಸುಳ್ಳಾಗಿರಲಿಲ್ಲವಲ್ಲ. ನಾಲ್ಕು ದಿನಕ್ಕೆ ಹಿಮ ಬಿದ್ದು ದಾರಿಗಳೆಲ್ಲ ಮುಚ್ಚಿದವು.

ಮೂರನೇ ತಿಂಗಳಲ್ಲಿ ಕೋರ್ಟು ಕೂತಿತು. ಅದು ಕೂರುವ ಕೋಟೆಯ ಊರಿಗೆ ನಾವು ನಡೆದೇ ಹೋದೆವು. ಅತ್ತೆ, ಮಾರ್ಜರಿ, ನಾನು, ಮತ್ತೆ ನಮ್ಮ ಸಭೆಯ ಹಿರಿಯ ಜೋನಾಸ್ ಬರ್ಟನ್. ಜೋನಾಸ್ ಚಮ್ಮಾರ, ಒಳ್ಳೆಯ ಮನುಷ್ಯ. ದಾರಿಯುದ್ದಕ್ಕೂ ನನ್ನ ಬೂಟಿನ ಹಿಮ್ಮಡಿ ನೋಡಿ ನೋಡಿ ಕೊರಗಿ, ರಾತ್ರಿ ತಂಗಿದ ಕಡೆ ಕೇಳದೆಯೇ ಹೊಲಿದುಕೊಟ್ಟ. ಅತ್ತೆ ಹೆಣೆಯುತ್ತಾ ನಡೆದಳು. ಕಿಟ್‌ಗೆ ಉಣ್ಣೆಯ ಅಂಗಿ. "ಜೈಲಿನ ಥಂಡಿ ಮೂಳೆಗೆ ಹೊಕ್ಕಿರುತ್ತೆ, ವಾಪಸ್ ಬರೋವಾಗ ಹಾಕ್ಕೋತಾನೆ" ಅಂದಳು. ಮಾರ್ಜರಿಯೂ ನಗುನಗುತ್ತಾ ಅಳತೆ ಹೇಳಿದಳು.

ಕೋರ್ಟಿನಲ್ಲಿ ಸಂತೆಯ ಹಾಗೆ ಜನ. ಕಿಟ್ ಕಟಕಟೆಯಲ್ಲಿ ನಿಂತಿದ್ದ. ಕೆನ್ನೆ ಒಳಹೋಗಿತ್ತು. ಅತ್ತೆಯನ್ನು ಕಂಡು ಹಳೆಯ ಹಾಗೇ ಹಲ್ಲು ಬಿಟ್ಟ. ಡ್ಯಾನ್ ಸ್ಕೆಲ್ಟನ್ ಬಂದು ಬೈಬಲ್ ಹಿಡಿದು, ಅದಕ್ಕೆ ಚಪ್ಪರಿಸಿ ಮುತ್ತು ಕೊಟ್ಟು, ಒಂದು ಉಸಿರಿಗೆ ಸುಳ್ಳು ಹೇಳಿ ಇಳಿದುಹೋದ. ಅವನನ್ನು ಯಾರೂ ಏನೂ ಕೇಳಲಿಲ್ಲ.

ಅತ್ತೆಯನ್ನು ಕರೆದರು. ಗುಮಾಸ್ತ ಪುಸ್ತಕ ಚಾಚಿದ.

"ಗೆಳೆಯಾ, ನಾನು ಆಣೆ ಇಡಲ್ಲ" ಅಂದಳು ಅತ್ತೆ, ಬೇಲಿಯ ವ್ಯಾಜ್ಯದಲ್ಲಿ ಅಂದ ಹಾಗೆಯೇ. "ಕ್ರಿಸ್ತ ಬೇಡ ಅಂದಿದ್ದಾನೆ. ನಿಜ ಹೇಳ್ತೀನಿ ಅಂತ ಮಾತು ಕೊಡ್ತೀನಿ, ಬರ್ಕೊ."

ಗುಮಾಸ್ತ ಜಡ್ಜನ ಮುಖ ನೋಡಿದ. ಜಡ್ಜ್ ಮುದುಕ, ದಣಿದಿದ್ದ, ಸಿಡುಕನೇನಲ್ಲ. "ಅಮ್ಮಾ, ಇದು ಬೇಲಿ ಜಗಳ ಅಲ್ಲ" ಅಂದ. "ಇದು ಪ್ರಾಣ ಹೋಗೋ ಅಪರಾಧ. ಇಲ್ಲಿ ನಿಮ್ಮ ಮಾತುಕೊಡೋದು ನಡೆಯಲ್ಲ. ಕಾನೂನು ನಂಗೆ ಬಿಡಲ್ಲ. ಆಣೆ ಇಡು, ಇಲ್ಲಾ ಇಳಿದು ಹೋಗು."

ಅತ್ತೆಗೆ ಮೊದಲು ಅರ್ಥವಾಗಲಿಲ್ಲ. "ನಾನು ನೋಡಿದ್ದೀನಿ" ಅಂದಳು. "ಅವನು ನನ್ನ ಕೊಟ್ಟಿಗೇಲಿದ್ದ, ಕರು..."

"ಆಣೆ ಇಲ್ದೆ ಒಂದಕ್ಷರ ಕೇಳಂಗಿಲ್ಲ!" ಅಂತ ಆ ರೈತನ ಕಡೆಯ ವಕೀಲ ಎದ್ದು ಕೂಗಿದ.

ಆಗ ಅವಳಿಗೆ ತಿಳಿಯಿತು. ಅತ್ತ ಕಿಟ್‌ನ ಕುತ್ತಿಗೆ, ಇತ್ತ ಅವಳ ದೇವರು. ಅವಳು ಕಣ್ಣು ಮುಚ್ಚಿದಳು, ಕೈ ಮಡಿಚಿದಳು, ಸಭಾಮನೆಯಲ್ಲಿ ಕೂರುವ ಹಾಗೆಯೇ ಮೌನದೊಳಕ್ಕೆ ಇಳಿದಳು. ಏನು ಮಾಡಬೇಕೆಂದು ಒಳಗಿನ ಬೆಳಕು ಹೇಳಲಿ ಅಂತ ಕಾದಳು. ನಾವು ಹಾಗೇ ಅಲ್ಲವೇ ಕಾಯುವುದು? ಆದರೆ ಕೋರ್ಟಿನವರಿಗೆ ಅದೇನು ಗೊತ್ತು! ಯಾರೋ ಗೊರಕೆ ಹೊಡೆದ ಸದ್ದು ಮಾಡಿದ, ಜನ ಗೊಳ್ಳೆಂದರು. ಜೋನಾಸ್ ನನ್ನ ಪಕ್ಕದಲ್ಲಿ ಟೋಪಿಯಿಲ್ಲದೆ ನಿಂತಿದ್ದ, ಕಾವಲುಗಾರ ಅದನ್ನು ಕೋಲಿನಿಂದ ಬೀಳಿಸಿದ್ದ. ಅವನ ತುಟಿ ಅಲುಗುತ್ತಿತ್ತು. ಅವಳು ಪುಸ್ತಕ ಮುಟ್ಟಲಿ ಅಂತ ಬೇಡುತ್ತಿದ್ದನೋ, ಮುಟ್ಟದಿರಲಿ ಅಂತಲೋ, ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

"ಟಾಬೀ!" ಅಂತ ಮಾರ್ಜರಿ ಕಿರುಚಿದಳು. "ಮುಟ್ಟೇ ಅದನ್ನ! ನಿನ್ನ ಕಾಲಿಗೆ ಬೀಳ್ತೀನಿ, ಮುಟ್ಟೇ!"

ಕಿಟ್‌ನ ನಗು ಯಾವಾಗಲೋ ಆರಿತ್ತು. "ಟಾಬಿ ಅತ್ತೆ, ನಂಗೆ ಸಾಯೋಕೆ ಭಯ ಆಗುತ್ತೆ" ಅಂದ. ಕೂಗಲಿಲ್ಲ, ಮೆಲ್ಲಗೆ ಅಂದ.

ಅತ್ತೆ ಕಣ್ಣು ತೆರೆದಳು. ಕೈ ಚಾಚಿದಳು. ಪುಸ್ತಕ ತೆಗೆದುಕೊಂಡು, ಗುಮಾಸ್ತ ಹೇಳಿಕೊಟ್ಟ ಮಾತನ್ನೆಲ್ಲ ಹೇಳಿ, ಅದಕ್ಕೆ ತುಟಿ ಮುಟ್ಟಿಸಿದಳು. ನೂರು ವರ್ಷದಲ್ಲಿ ನಮ್ಮ ಕಣಿವೆಯ ಕ್ವೇಕರರು ಯಾರೂ ಮಾಡದ್ದನ್ನು ಮಾಡಿದಳು. ಆಮೇಲೆ ಹಸು, ಕರು, ಹಗ್ಗ, ಮುಳುಗಿದ ಹೊತ್ತು, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದಳು. ಮಾರ್ಜರಿ ನನ್ನ ಭುಜಕ್ಕೆ ಮುಖ ಒತ್ತಿ ಅಳುತ್ತಿದ್ದಳು. ಗೆದ್ದೆವು ಅಂದುಕೊಂಡೆವು.

ವಕೀಲ ನಿಧಾನವಾಗಿ ಎದ್ದ.

"ಆಣೆ ಇಡಬೇಡ ಅಂತ ಕ್ರಿಸ್ತ ಹೇಳಿದ್ದಾನೆ ಅಂತ ಈಗ ತಾನೇ ಅಂದ್ಯಲ್ಲ ಅಮ್ಮಾ. ಅದು ನಿಜವಾಗ್ಲೂ ನಿನ್ನ ನಂಬಿಕೆನಾ?"

"ಹೌದು."

"ಈಗ್ಲೂ?"

ಸುಮ್ಮನಿರಬಹುದಿತ್ತು. ಇಲ್ಲ ಅನ್ನಬಹುದಿತ್ತು. ಬೇರೆ ಯಾರಾದರೂ ಅಂದಿರುತ್ತಿದ್ದರು. "ಈಗ್ಲೂ" ಅಂದಳು ಅತ್ತೆ.

"ಅಂದ್ರೆ ನಿನ್ನ ದೇವ್ರು ಬೇಡ ಅಂದಿದ್ದನ್ನ ನಮ್ಮ ಕಣ್ಣೆದುರಿಗೇ ಮಾಡ್ದೆ. ಯಾಕೆ? ಈ ಹುಡುಗನ್ನ ಉಳಿಸೋಕಾ?"

"ಹೌದು."

"ಇವನ ಮೇಲೆ ಅಷ್ಟು ಪ್ರೀತಿನಾ?"

"ಪ್ರೀತಿನೇ" ಅಂದಳು. ಬಾಯಿಬಿಟ್ಟು ಅವಳು ಅದನ್ನು ಹೇಳಿದ್ದು ಅದೊಂದೇ ಸಲ.

ವಕೀಲ ಹನ್ನೆರಡು ಜನ ಜ್ಯೂರಿಗಳ ಕಡೆ ತಿರುಗಿದ. "ಮಹಾಶಯರೇ, ಇವನಿಗಾಗಿ ದೇವರನ್ನೇ ಬಿಟ್ಟೋಳು, ಒಂದು ಸುಳ್ಳು ಹೇಳೋಕೆ ಹೇಸ್ತಾಳಾ?"

ಅಷ್ಟೇ. ಜ್ಯೂರಿಗಳು ಎದ್ದು ಒಳಕೋಣೆಗೂ ಹೋಗಲಿಲ್ಲ. ಕೂತಲ್ಲೇ ತಲೆ ತಲೆ ಸೇರಿಸಿ, ತಪ್ಪಿತಸ್ಥ ಅಂದರು. ಜೀವಮಾನದಲ್ಲಿ ಒಂದು ಸುಳ್ಳಾಡದವಳನ್ನು ಸುಳ್ಳುಗಾತಿ ಅಂತ ನಂಬಿದರು, ಚಪ್ಪರಿಸಿ ಮುತ್ತು ಕೊಟ್ಟವನನ್ನು ಸತ್ಯವಂತ ಅಂತ ನಂಬಿದರು. ನಾನು ಅಂದು ಯಾರನ್ನು ಬೈಯಬೇಕೋ ತಿಳಿಯದೆ ಎಲ್ಲರನ್ನೂ ಬೈದೆ. ಜಡ್ಜನ್ನು ಬೈದೆ, ಕಾನೂನು ಬರೆದವನನ್ನು ಬೈದೆ, ಮನಸ್ಸಿನಲ್ಲೇ ಅತ್ತೆಯನ್ನೂ ಬೈದೆ.

ಜೋನಾಸ್ ಜಡ್ಜ್ ತಂಗಿದ್ದ ಮನೆಯ ಬಾಗಿಲಲ್ಲಿ ಕರುಣೆ ಬೇಡಿ ಮಳೆಯಲ್ಲಿ ನಿಂತ. ಆ ವರ್ಷ ಕುರಿ ಕಳ್ಳತನ ಹೆಚ್ಚಿದೆ, ಯಾರಿಗಾದರೂ ಬುದ್ಧಿ ಕಲಿಸಲೇಬೇಕು ಅಂತ ಉತ್ತರ ಬಂತು. ಜಡ್ಜ್ ಮುಂದಿನ ಊರಿಗೆ ಹೊರಟುಹೋದ.

ಜೈಲಿನ ಬಾಗಿಲಲ್ಲಿ ಅತ್ತೆ ಉಣ್ಣೆಯ ಅಂಗಿಯನ್ನು ಮಾರ್ಜರಿಯ ಕೈಗೆ ಕೊಡಲು ಹೋದಳು. ಮಾರ್ಜರಿ ಕೈ ಹಿಂದೆಳೆದುಕೊಂಡಳು.

"ಆ ಬಟ್ಟೆ ಮಾರೋನು ಸಿಕ್ತಿದ್ದ" ಅಂದಳು. "ನಾನು ಹೋಗಿದ್ರೆ ಸಿಕ್ತಿದ್ದ."

"ಮಾರ್ಜರಿ..."

"ನೀನು ಬರ್ಬೇಡ ಒಳಗೆ. ಅವನ ಹತ್ರ ನಾನಿರ್ತೀನಿ."

ಕಿಟ್‌ನನ್ನು ಏಳನೇ ದಿನ, ಅಂದರೆ ಶನಿವಾರ, ಬೆಳಿಗ್ಗೆ ನೇಣಿಗೆ ಹಾಕಿದರು. ನಾನು ಹೋಗಲಿಲ್ಲ. ಅತ್ತೆ ಹೋಗಿ ಜನರ ಹಿಂದೆ ನಿಂತಳಂತೆ. ಅಂಗಿ ಅವಳ ಕೈಯಲ್ಲೇ ಇತ್ತಂತೆ. ಹೆಣವನ್ನು ಗಾಡಿಯಲ್ಲಿ ಊರಿಗೆ ತಂದು ಗೋಪುರದ ಮನೆಯ ಅಂಗಳದಲ್ಲಿ ಮಣ್ಣು ಮಾಡಿದರು. ಅತ್ತೆ ಗೋಡೆಯ ಹೊರಗೆ ನಿಂತಳು. ಮಾರ್ಜರಿ ಅವಳ ಕಡೆ ತಿರುಗಲಿಲ್ಲ, ಆ ದಿನವಷ್ಟೇ ಅಲ್ಲ, ಸಾಯುವವರೆಗೂ. ಅತ್ತೆ ಪೀಟ್ ಹೊತ್ತು ಅವಳ ಹೊಸ್ತಿಲಲ್ಲಿ ಇಟ್ಟು ಬರುತ್ತಿದ್ದಳು. ಅದು ಅಲ್ಲೇ ನೆನೆದು ಮತ್ತೆ ಮಣ್ಣಾಗುತ್ತಿತ್ತು. ಎರಡು ಚಳಿಗಾಲಕ್ಕೆ ಮಾರ್ಜರಿ ಹೋದಳು.

ನಿಜ ಹೊರಗೆ ಬಿತ್ತೇ ಅಂತ ಕೇಳಬೇಡಿ. ಬೀಳಲಿಲ್ಲ. ಡ್ಯಾನ್ ಸ್ಕೆಲ್ಟನ್ ಹೆಂಡದಂಗಡಿ ಇಟ್ಟು, ಮೊಮ್ಮಕ್ಕಳನ್ನು ಕಂಡು, ಹಾಸಿಗೆಯ ಮೇಲೆ ಸತ್ತ.

ಇತ್ತ ನಮ್ಮ ಸಭೆ. ಆಣೆ ಇಟ್ಟವರನ್ನು ಸಭೆ ವಿಚಾರಿಸಲೇಬೇಕು. ಇಬ್ಬರು ಹೆಂಗಸರನ್ನು ಅತ್ತೆಯ ಮನೆಗೆ ಕಳಿಸಿದರು. ಅವರು ಗದರಲಿಲ್ಲ, ಅವಳ ಕೈ ಹಿಡಿದುಕೊಂಡು ಅತ್ತರು.

"ಟಾಬಿತಾ, ದುಡುಕಿದೆ, ತಪ್ಪಾಯ್ತು ಅಂತ ಸಭೆ ಮುಂದೆ ಒಂದು ಮಾತು ಅಂದ್ಬಿಡು" ಅಂದಳು ಒಬ್ಬಳು. "ಯಾರೂ ನಿನ್ನ ದೂರ ಮಾಡಲ್ಲ. ನಿನ್ನ ಜಾಗದಲ್ಲಿ ನಾವಿದ್ರೂ ಏನ್ ಮಾಡ್ತಿದ್ವೋ."

"ತಪ್ಪಾಯ್ತು ಅಂತ ನಂಗೆ ಅನ್ನಿಸ್ತಿಲ್ವಲ್ಲೇ" ಅಂದಳು ಅತ್ತೆ.

"ಅನ್ನಿಸದಿದ್ರೂ..."

"ಅನ್ನಿಸದಿದ್ರೂ ಹೇಳ್ಲಾ?"

ಅವರು ಎದ್ದು ಹೋದರು. ಸಭೆ ಅವಳನ್ನು ಹೊರಗಿಟ್ಟಿತು. ಹೊರಗಿಟ್ಟವರು ಮೌನದ ಪ್ರಾರ್ಥನೆಗೆ ಬಂದು ಕೂರಬಹುದು, ಆದರೆ ಸಭೆಯ ಕೆಲಸಕಾರ್ಯ ಶುರುವಾದಾಗ ಎದ್ದು ಹೋಗಬೇಕು. ಅತ್ತೆ ಪ್ರತಿ ವಾರ ಬಂದಳು, ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ ಕೂತಳು, ತಿಂಗಳ ಸಭೆಯ ದಿನ ಎದ್ದು ಹೋದಳು. ಇಪ್ಪತ್ತು ವರ್ಷಕ್ಕೂ ಮೇಲೆ. ಒಮ್ಮೆ ಕೇಳಿದೆ, "ಅತ್ತೆ, ಅಲ್ಲಿ ಕೂತಾಗ ಒಳಗೆ ಏನಾದ್ರೂ ಕೇಳ್ಸುತ್ತಾ?" ಅಂತ.

"ಇಲ್ಲ ಡೆಬ್" ಅಂದಳು. "ಆ ದಿನ ಕೋರ್ಟಲ್ಲಿ ಕಾದ್ನಲ್ಲ, ಆಗಿಂದ ಇಲ್ಲ."

"ಮತ್ತೆ ಯಾಕೆ ಹೋಗ್ತೀಯಾ?"

"ಇನ್ನೆಲ್ಲಿಗೆ ಹೋಗ್ಲಿ?"

ಅವಳಿಗೆ ಎದೆನೋವು ಶುರುವಾದ ವರ್ಷ ಜೋನಾಸ್‌ಗೂ ಎಂಬತ್ತರ ಹತ್ತಿರ. ಅವಳು ಹೊರಗಿನವಳಾಗಿಯೇ ಸಾಯಬಾರದು ಅನ್ನುವುದು ಅವನ ಹಟ. ಮುದುಕ ಒಂದು ಉಪಾಯ ಮಾಡಿದ. ನಮ್ಮಲ್ಲಿ ಕೈಯೆತ್ತಿಸುವುದಿಲ್ಲ, ಎಣಿಸುವುದಿಲ್ಲ. ಒಂದು ಮಾತು ಹೇಳಿದಾಗ ಎಲ್ಲರೂ ಸುಮ್ಮನಿದ್ದರೆ ಅದು ಒಪ್ಪಿಗೆ. ಅವಳ ಪರವಾಗಿ ತಾನೇ ತಪ್ಪೊಪ್ಪಿಗೆ ಹೇಳುವುದು, ಅವಳು ಸುಮ್ಮನೆ ಕೂತರೆ ಸಾಕು. ನನಗೂ ಹೇಳಿದ. ನಾನು ಸಂತೋಷದಿಂದ ಅವನ ಕೈ ಹಿಡಿದುಕೊಂಡೆ. ಸುಮ್ಮನೆ ಕೂರುವುದು ಅವಳಿಗೆ ಹೊಸದೇ?

ತಿಂಗಳ ಸಭೆಯ ದಿನ ಮೌನ ಮುಗಿದ ಮೇಲೆ, ಗಂಡಸರೂ ಹೆಂಗಸರೂ ಬೇರೆಬೇರೆಯಾಗಿ ಕೆಲಸಕಾರ್ಯ ಮಾತಾಡಲು ನಡುವಿನ ಹಲಗೆ ಇಳಿಸುವ ಮೊದಲು, ಜೋನಾಸ್ ಎದ್ದು ನಿಂತ.

"ಗೆಳೆಯರೇ, ಟಾಬಿತಾ ಹಾರ್ಕರ್ ಹಿಂದೆ ಆಣೆ ಇಟ್ಟಿದ್ದಕ್ಕೆ ಪಶ್ಚಾತ್ತಾಪ ಪಡ್ತಾಳೆ, ನಮ್ಮ ಜೊತೆ ಮತ್ತೆ ಸೇರ್ಬೇಕು ಅಂತಾಳೆ. ಯಾರದಾದ್ರೂ ಅಡ್ಡಿ ಇದ್ಯಾ?"

ಯಾರೂ ಉಸಿರೆತ್ತಲಿಲ್ಲ. ಅಂಥ ಒಳ್ಳೆಯ ಮೌನವನ್ನು ನಾನು ಆ ಮನೆಯಲ್ಲಿ ಕಂಡಿಲ್ಲ. ಕೊನೆಯ ಬೆಂಚಿನ ಕಡೆ ನಾನು ತಿರುಗಿ ನೋಡಲಿಲ್ಲ. ಸುಮ್ಮನಿರು ಅತ್ತೆ, ಸುಮ್ಮನಿರು ಅಂತ ಬೆರಳು ಹಿಸುಕಿಕೊಂಡೆ.

ಬೆಂಚು ಕಿರ್ರೆಂದಿತು.

"ಜೋನಾಸ್, ಅದು ನಿಜ ಅಲ್ಲ" ಅಂದಳು ಅತ್ತೆ. ಗೋಡೆ ಹಿಡಿದು ನಿಂತಿದ್ದಳು. "ಆ ಪುಸ್ತಕ ಮುಟ್ಟಿದ್ದಕ್ಕೆ ನಾನು ಪಶ್ಚಾತ್ತಾಪ ಪಟ್ಟಿಲ್ಲ. ಮುಟ್ಟೋಕೆ ಮುಂಚೆ ಅಷ್ಟು ಹೊತ್ತು ನಿಂತಿದ್ನಲ್ಲ, ಅದಕ್ಕೆ ಪಡ್ತೀನಿ. ಕರೆದ ತಕ್ಷಣ ಎಲ್ಲರ ಹಾಗೆ ತಗೊಂಡಿದ್ರೆ ಅವರು ನನ್ನ ನಂಬ್ತಿದ್ರು. ನಾನು ದೇವರನ್ನ ಕೇಳ್ತಾ ನಿಂತೆ."

ಜೋನಾಸ್ ಕೂತ. ಅತ್ತೆ ಹೆಣಿಗೆಯ ಚೀಲ ತೆಗೆದುಕೊಂಡಳು. ಇನ್ನು ಕೆಲಸಕಾರ್ಯದ ಹೊತ್ತು, ಅವಳು ಇರುವಂತಿರಲಿಲ್ಲ. ಬಾಗಿಲು ಬಿಗಿಯಾಗಿತ್ತು, ಎಳೆಯಲು ಅವಳಿಗೆ ಶಕ್ತಿ ಸಾಲಲಿಲ್ಲ. ನಾನು ಎದ್ದು ಹೋಗಿ ತೆಗೆದುಕೊಟ್ಟೆ. ಅದೇ ತಿಂಗಳು ಅವಳು ಸತ್ತಳು.

ಆ ದಿನ ಅವಳು ಹೊರಗೆ ಹೋದ ಮೇಲೆ ನಡುವಿನ ಹಲಗೆ ಇಳಿಸಿದರು. ಹೆಂಗಸರ ಕಡೆ ಮೊದಲ ವಿಷಯ, ಚಳಿಗಾಲಕ್ಕೆ ಯಾವ ಮನೆಗೆ ಎಷ್ಟು ಉಣ್ಣೆ ಹಂಚಬೇಕು ಅನ್ನುವುದು. ಅದರ ಬಗ್ಗೆ ಎಲ್ಲರೂ ಮಾತಾಡಿದರು.